ಪೆನ್ ಡ್ರೈವಿನಲ್ಲಿ ಹಿಡಿಯದ ಕೊನೆ

ನಮ್ಮ ಕಟ್ಟಡದಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ ಜಗಳಗಂಟಿ ಅಂದುಕೊಳ್ಳಬೇಡಿ. ಬಾಯಿಯ ವಿಷಯಕ್ಕೆ ಬಂದರೆ ಅದು ಆ ಕಟ್ಟಡದಲ್ಲಿ ನನ್ನ ಪಾಲಿಗೆ ಬಂದದ್ದು. ಅವಳ ಪಾಲಿಗೆ ಬಂದದ್ದು ಕೈ ಮತ್ತು ಕಣ್ಣು. ಮೊದಲ ಮಹಡಿಯ ಸ್ಟುಡಿಯೋದಲ್ಲಿ ಮದುವೆ, ಹುಟ್ಟುಹಬ್ಬ, ಶಾಲೆಯ ವಾರ್ಷಿಕೋತ್ಸವಗಳ ವಿಡಿಯೋ ಕತ್ತರಿಸಿ ಜೋಡಿಸುವುದು ಅವಳ ಕೆಲಸ. ನನ್ನದು ಕೆಳಗೆ, ಮೆಟ್ಟಿಲ ಪಕ್ಕದ ಜೆರಾಕ್ಸ್ ಅಂಗಡಿ. ಮೇಲೆ ಹತ್ತುವವರು, ಕೆಳಗೆ ಇಳಿಯುವವರು ಎಲ್ಲರೂ ನನ್ನ ಕಣ್ಣೆದುರೇ ಹಾದುಹೋಗಬೇಕು. ಹಾಗಾಗಿ ಆ ಕಟ್ಟಡದಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ, ಗೊತ್ತಿದ್ದೂ ನಾನು ಹೇಳದೇ ಉಳಿದದ್ದು ಇನ್ನೂ ಕಡಿಮೆ.

ಸ್ಟುಡಿಯೋ ಅವಳ ಭಾವನದು, ಅಂದರೆ ಅಕ್ಕನ ಗಂಡನದು. ಕ್ಯಾಮೆರಾ ಹೆಗಲಿಗೇರಿದರೆ ಆ ಮನುಷ್ಯನಿಗೆ ನೆಲ ಕಾಣುತ್ತಿರಲಿಲ್ಲ. ಅವನು ತೆಗೆದುಕೊಂಡು ಬಂದದ್ದರಲ್ಲಿ ಅರ್ಧ ಜನರಿಗೆ ತಲೆ ಇರುತ್ತಿರಲಿಲ್ಲ, ಇನ್ನರ್ಧ ಜನ ತಟ್ಟೆಯ ಮೇಲೆ ಬಗ್ಗಿರುತ್ತಿದ್ದರು. ಅದನ್ನೆಲ್ಲ ಅವಳ ಮುಂದೆ ಸುರಿದು, "ಚಿನ್ನದಂಥ ಶಾಟ್ಸ್ ತಂದಿದ್ದೀನಿ, ನೋಡ್ಕೋ" ಅಂತ ಹೇಳಿ ಸೋಫಾದ ಮೇಲೆ ಕಾಲು ಚಾಚಿಬಿಡುತ್ತಿದ್ದ. ಅವಳು ಒಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಆ ಕಸವನ್ನೆಲ್ಲ ಹೆಕ್ಕಿ, ನೋಡಿದವರು ಕಣ್ಣೊರೆಸಿಕೊಳ್ಳುವ ಹಾಗೆ ಮಾಡುತ್ತಿದ್ದಳು. ವಿಡಿಯೋದ ಕೊನೆಗೆ ದೊಡ್ಡ ಅಕ್ಷರದಲ್ಲಿ ಸ್ಟುಡಿಯೋದ ಹೆಸರು, ಅದರ ಕೆಳಗೆ ಭಾವನ ಹೆಸರು. ಅವಳ ಹೆಸರು ಎಲ್ಲೂ ಇಲ್ಲ. ನಾನು ಕೆಣಕಿದರೆ, "ಮನೆ ಕೆಲಸಕ್ಕೆ ಯಾರಾದ್ರೂ ಹೆಸರು ಹಾಕ್ಕೋತಾರಾ ಆಂಟಿ?" ಎಂದು ನಗುತ್ತಿದ್ದಳು.

ಅವಳಿಗೆ ಭಾವನ ಮೇಲೆ ಕೋಪ ಬರದೇ ಇದ್ದದ್ದು ಅಕ್ಕನ ದೆಸೆಯಿಂದ. ಅವರಮ್ಮ ಊರಿನ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು ಇಬ್ಬರನ್ನೂ ಸಾಕಿದವರು. ಅಮ್ಮ ತೀರಿಕೊಂಡಾಗ ತಂಗಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಹೆಣ್ಣು ನೋಡಲು ಬಂದವನ ಎದುರಿಗೇ ಅಕ್ಕ, "ನಾನು ಬಂದ್ರೆ ಇವಳೂ ಬರ್ತಾಳೆ. ಒಪ್ಪಿಗೆ ಇದ್ರೆ ಮಾತು ಮುಂದುವರಿಸಿ, ಇಲ್ಲಾಂದ್ರೆ ಎದ್ದುಹೋಗಿ" ಎಂದಳಂತೆ. ಸ್ಟುಡಿಯೋದ ಹಿಂದಿನ ಎರಡು ಕೋಣೆಗಳೇ ಅವರ ಮನೆ. ದೊಡ್ಡವಳಾದ ಮೇಲೂ ತಂಗಿಯ ತಲೆ ಬಾಚುವುದು ಅಕ್ಕನೇ. ತಂಗಿ ಕೆಲಸದಲ್ಲಿ ಮುಳುಗಿ ಊಟ ಮರೆತರೆ, ತಟ್ಟೆ ಹಿಡಿದು ಪಕ್ಕದಲ್ಲಿ ನಿಂತು ತುತ್ತು ಕೊಡುವುದೂ ಅಕ್ಕನೇ. ನನಗೂ ಒಬ್ಬಳು ಅಕ್ಕ ಇದ್ದಾಳೆ; ಅವಳು ನನಗೆ ಕೊಟ್ಟದ್ದು ಬರೀ ಬುದ್ಧಿವಾದ. ಮೇಲಿನ ಇಬ್ಬರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಮುಚ್ಚಿಡುವುದೇಕೆ.

ಮದುವೆಗಳ ಕಾಲದಲ್ಲಿ ಕೆಲಸ ಕತ್ತಿನ ತನಕ ಬಂದಾಗ ಕತ್ತರಿ ಅಕ್ಕನಿಗೂ ಸ್ವಲ್ಪ ಕೆಲಸ ಕಲಿಸಿದಳು. ಅವಳದೊಂದು ಪದ್ಧತಿಯಿತ್ತು. ಮುಖ ತೋರಿಸುವ ಶಾಟನ್ನು ಎಲ್ಲೆಂದರಲ್ಲಿ ಕತ್ತರಿಸಬಾರದು, ಆ ಮನುಷ್ಯ ಕಣ್ಣು ಮಿಟುಕಿಸಿದ ಕೂಡಲೇ ಕತ್ತರಿಸಬೇಕು. ಆಗ ಅವರು ಹೇಳಬೇಕಾದದ್ದು ಮುಗಿಯಿತು ಎಂದು ನೋಡುವವರಿಗೆ ಅನಿಸುತ್ತದಂತೆ. ಭಾವನಿಗೆ ಇದನ್ನು ಹೇಳಲು ಹೋದರೆ, "ಕಣ್ಣು ಮಿಟುಕಿಸೋದು ಕಾಯ್ಕೊಂಡು ಕೂತ್ರೆ ಅಂಗಡಿ ಬಾಗಿಲು ಹಾಕ್ಬೇಕು" ಎಂದು ಗುರುಗುಟ್ಟಿದ. ಅಕ್ಕ ಕಲಿತಳು. ತಂಗಿಯ ಪಕ್ಕ ಮೊಣಕಾಲೂರಿ ಕೂತು, ಪರದೆಯ ಮೇಲಿನ ಮುಖಗಳನ್ನೇ ನೋಡುತ್ತಾ, "ಈಗ! ಈಗ!" ಎಂದು ಕೂಗುತ್ತಿದ್ದುದು ನನಗೆ ಕೆಳಗಿನವರೆಗೂ ಕೇಳಿಸುತ್ತಿತ್ತು.

ಆದರೆ ಅಕ್ಕನ ನಿಜವಾದ ಕೆಲಸ ಮುಂದಿನ ಮೇಜಿನಲ್ಲಿ: ಸಿದ್ಧವಾದ ವಿಡಿಯೋವನ್ನು ಪೆನ್ ಡ್ರೈವಿಗೆ ತುಂಬಿ ಗಿರಾಕಿಗೆ ಕೊಡುವುದು. ಪೆನ್ ಡ್ರೈವ್ ಅಂದರೆ ಬರೀ ಖಾಲಿ ಡಬ್ಬಿ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಒಳಗೆ ಸಾಮಾನು ಹೇಗೆ ಜೋಡಿಸಿಡಬೇಕು ಅನ್ನುವುದಕ್ಕೆ ಒಂದು ಕಟ್ಟಳೆ ಇರುತ್ತದೆ, ಅದೇ ಫಾರ್ಮ್ಯಾಟ್. ಮೂರು ಬಗೆ. ಫ್ಯಾಟ್ ಥರ್ಟಿಟೂ ಎಲ್ಲಕ್ಕಿಂತ ಹಳೆಯದು. ಹಳೇ ಟಿವಿ, ಕಾರಿನ ಸ್ಪೀಕರು, ಎಲ್ಲವೂ ಅದನ್ನು ಒಪ್ಪುತ್ತವೆ, ಆದರೆ ನಾಲ್ಕು ಜಿಬಿಗಿಂತ ದೊಡ್ಡದಾದ ಒಂದೇ ಫೈಲನ್ನು ಅದು ಜಪ್ಪಯ್ಯ ಎಂದರೂ ಒಳಗೆ ಬಿಡುವುದಿಲ್ಲ. ಎನ್‌ಟಿಎಫ್‌ಎಸ್ ದೊಡ್ಡದನ್ನು ಬಿಡುತ್ತದೆ, ಆದರೆ ಎಷ್ಟೋ ಟಿವಿಗಳು ಅದನ್ನು ಕಂಡರೆ ಮುಖ ತಿರುಗಿಸುತ್ತವೆ, ಕೆಲವು ಕಂಪ್ಯೂಟರುಗಳು ಒಳಗಿದ್ದದ್ದನ್ನು ನೋಡಲು ಬಿಟ್ಟು ಹೊಸದೇನೂ ಹಾಕಲು ಬಿಡುವುದಿಲ್ಲ. ಎಕ್ಸ್‌ಫ್ಯಾಟ್ ದೊಡ್ಡ ಫೈಲನ್ನೂ ಹಿಡಿಯುತ್ತದೆ, ಎಲ್ಲ ಬಗೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಅದಕ್ಕಿರುವ ಒಂದೇ ರೋಗ ಅಂದರೆ, ಹೇಳದೇ ಕೇಳದೇ ಸರಕ್ಕನೆ ಎಳೆದರೆ ಒಳಗಿದ್ದದ್ದು ಕೆಟ್ಟರೂ ಕೆಟ್ಟೀತು. ನಮ್ಮ ಊರಿನ ಗಿರಾಕಿಗಳೆಲ್ಲ ಟಿವಿಯಲ್ಲಿ ನೋಡುವವರು. ಹಾಗಾಗಿ ಅಕ್ಕನ ಕೈಗೆ ಯಾವ ಡ್ರೈವ್ ಬಂದರೂ ಮೊದಲು ಫ್ಯಾಟ್ ಥರ್ಟಿಟೂ ಫಾರ್ಮ್ಯಾಟ್, ಆಮೇಲೆ ಮಿಕ್ಕ ಮಾತು. ದೊಡ್ಡ ವಿಡಿಯೋವನ್ನು ತಂಗಿ ಮೊದಲೇ ಎರಡು ಮೂರು ತುಂಡು ಮಾಡಿ ಕೊಟ್ಟಿರುತ್ತಿದ್ದಳು.

ಈ ನಡುವೆ ಕತ್ತರಿ ತನ್ನದೇ ಒಂದು ಚಿತ್ರ ಮಾಡಿದಳು. ಅಮ್ಮ ದುಡಿದ ಅದೇ ಲಾಂಡ್ರಿಯ ಬಗ್ಗೆ. ಬಿಡುವು ಸಿಕ್ಕಾಗೆಲ್ಲ ಭಾವನ ಹಳೇ ಕ್ಯಾಮೆರಾ ತೆಗೆದುಕೊಂಡು ಆಸ್ಪತ್ರೆಯ ಹಿಂಬದಿಗೆ ಹೋಗುತ್ತಿದ್ದಳು. ಕುದಿಯುವ ನೀರಿನ ದೊಡ್ಡ ಯಂತ್ರಗಳು, ಹಬೆಯಲ್ಲಿ ಮಸುಕಾಗಿ ಕಾಣುವ ಹೆಂಗಸರು, ಬಿಳಿ ಹಾಸಿಗೆ ಬಟ್ಟೆಗಳ ರಾಶಿ, ಅವನ್ನು ಇಸ್ತ್ರಿ ಮಾಡುವ ಉರುಳೆ. ಅದನ್ನು ದೂರದ ಊರಿನ ಒಂದು ಸಿನಿಮಾ ತರಬೇತಿ ಸಂಸ್ಥೆಗೆ ಕಳಿಸುವ ಯೋಚನೆ. ಅಲ್ಲಿ ಸಂಕಲನ ಕಲಿಯಲು ಬೆರಳೆಣಿಕೆಯ ಜನರಿಗೆ ಮಾತ್ರ ಜಾಗ. ಊಟ ವಸತಿ ಅವರದೇ, ಕಲಿತು ಹೊರಬಂದವರಿಗೆ ಕೆಲಸವೂ ಖಂಡಿತ. ನಿಯಮ ಮಾತ್ರ ಖಡಕ್ಕು. ತಾವೇ ಸಂಕಲನ ಮಾಡಿದ ಪೂರ್ತಿ ಚಿತ್ರ ಪೆನ್ ಡ್ರೈವಿನಲ್ಲಿರಬೇಕು, ಕೊನೆಗೆ ಸಂಕಲನಕಾರರ ಹೆಸರಿರಬೇಕು. ಇಲ್ಲದಿದ್ದರೆ ನೋಡದೇ ಪಕ್ಕಕ್ಕಿಡುತ್ತಾರೆ. ವಯಸ್ಸಿನ ಮಿತಿಯೂ ಇತ್ತು, ಅವಳಿಗೆ ಅದೇ ಕೊನೆಯ ವರ್ಷ. ಈ ಸಲ ತಪ್ಪಿದರೆ ಆ ಬಾಗಿಲು ಮುಚ್ಚಿದ ಹಾಗೇ. ಆ ನಿಯಮಗಳನ್ನು ನನ್ನ ಅಂಗಡಿಯಲ್ಲೇ ಪ್ರಿಂಟ್ ತೆಗೆದದ್ದು. ಅಕ್ಕ ನನ್ನ ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ತಂಗಿಗೆ ಓದಿ ಹೇಳಿದಳು.

"ಹೆಸರು ಬೇಕೇಬೇಕಂತೆ ಕಣೇ" ಎಂದಳು ಅಕ್ಕ. "ಈಗಲಾದ್ರೂ ನಿನ್ನ ಹೆಸರು ಪರದೆ ಮೇಲೆ ನೋಡೋ ಯೋಗ ಬಂತು ನಂಗೆ."

ಚಿತ್ರ ಸಿದ್ಧವಾದಾಗ ನಾಲ್ಕು ಜಿಬಿಗಿಂತ ಚೂರೇ ಚೂರು ಹೆಚ್ಚಾಯಿತು. ಯಾವ ಫಾರ್ಮ್ಯಾಟ್ ಅಂತ ಅವಳು ತಲೆ ಕೆಡಿಸಿಕೊಂಡದ್ದು ನೋಡಿದರೆ ಗಂಡು ಹುಡುಕುತ್ತಿದ್ದಾಳೇನೋ ಅನಿಸಬೇಕು. ಫ್ಯಾಟ್ ಥರ್ಟಿಟೂ ಮಾಡಿದರೆ ಯಾವ ಹಳೇ ಯಂತ್ರದಲ್ಲಾದರೂ ಓಡೀತು, ಆದರೆ ಫೈಲನ್ನು ಹಿಂಡಿ ಸಣ್ಣದು ಮಾಡಬೇಕು. ಹಿಂಡಿಯೂ ನೋಡಿದಳು. ನನ್ನನ್ನು ಕರೆದು ತೋರಿಸಿದಳು: ಹಬೆಯೆಲ್ಲ ಪಟ್ಟೆ ಪಟ್ಟೆಯಾಗಿ ಒಡೆದು, ಬಿಳಿ ಬಟ್ಟೆಗಳ ಮೇಲೆ ಕಲೆ ಬಿದ್ದ ಹಾಗೆ ಕಾಣುತ್ತಿತ್ತು. "ಅಮ್ಮ ಇಷ್ಟು ಕೊಳಕಾಗಿ ಒಗೀತಿರ್ಲಿಲ್ಲ" ಎಂದು ಅದನ್ನು ಅಳಿಸಿಹಾಕಿದಳು. ಎರಡು ತುಂಡು ಮಾಡೋಣವೆಂದರೆ, ನೋಡುವವರು ಮೊದಲನೆಯದನ್ನು ಮುಗಿಸಿ ಎದ್ದುಹೋದರೆ? ಎನ್‌ಟಿಎಫ್‌ಎಸ್ ಮಾಡಿದರೆ ಅವರ ಟಿವಿ ಒಪ್ಪದಿದ್ದರೆ? ಅಳೆದೂ ತೂಗಿ ಎಕ್ಸ್‌ಫ್ಯಾಟ್ ಎಂದು ತೀರ್ಮಾನ ಮಾಡಿದಳು. ಸಂಸ್ಥೆಗೆ ಫೋನ್ ಮಾಡಿ ಕೇಳಿದಳು ಕೂಡ. ಪರವಾಗಿಲ್ಲ, ನಮ್ಮಲ್ಲಿ ಓಡುತ್ತೆ ಎಂದರಂತೆ.

ಕಳಿಸುವ ಹಿಂದಿನ ದಿನ ಡ್ರೈವ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ಮುಖ ಕೆಂಪಗಿತ್ತು, ಕಣ್ಣು ಜೋತುಬಿದ್ದಿದ್ದವು. "ನಿಮ್ಮ ಕಂಪ್ಯೂಟರಲ್ಲಿ ಓಡಿದ್ರೆ ಪ್ರಪಂಚದಲ್ಲಿ ಎಲ್ಲಾದ್ರೂ ಓಡುತ್ತೆ ಆಂಟಿ" ಎಂದಳು. ನನ್ನ ಕಂಪ್ಯೂಟರನ್ನು ಹಾಗೆ ಅವಮಾನ ಮಾಡಿದ್ದಕ್ಕೆ ಬೈದು, ಗಿರಾಕಿಗಳನ್ನು ಆಮೇಲೆ ಬನ್ನಿ ಎಂದು ಕಳಿಸಿ, ಇಬ್ಬರೂ ಕೂತು ಪೂರ್ತಿ ನೋಡಿದೆವು. ಕೊನೆಗೆ ವಯಸ್ಸಾದ ಹೆಂಗಸೊಬ್ಬಳು ಕ್ಯಾಮೆರಾದ ಕಡೆ ತಿರುಗಿ, ಇಲ್ಲಿ ಒಗೆದ ಬಟ್ಟೆಯ ಮೇಲೆ ಎಷ್ಟು ಜನ ಹುಟ್ಟಿದರೋ ಎಷ್ಟು ಜನ ಹೋದರೋ, ನಮಗೆ ಬಂದದ್ದು ಬರೀ ಕಲೆ ಎಂದಳು. ಆಮೇಲೆ ಅವಳು ಮತ್ತು ಹೊಸದಾಗಿ ಸೇರಿದ ಹುಡುಗಿ ಒಂದು ಹಾಸಿಗೆ ಬಟ್ಟೆಯ ಎರಡೆರಡು ಮೂಲೆ ಹಿಡಿದು, ಮಡಿಸುತ್ತಾ ಮಡಿಸುತ್ತಾ ಒಬ್ಬರ ಹತ್ತಿರ ಒಬ್ಬರು ಬಂದರು. ಅಲ್ಲಿಗೆ ಹೆಸರುಗಳು. ಸಂಕಲನ ಎಂದು ಬರೆದು ಅದರ ಕೆಳಗೆ ಅವಳ ಹೆಸರು ಬಂದಾಗ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಅಳಲಿಲ್ಲ ಎಂದರೆ ನನ್ನ ಬಾಯಿಗೆ ಹುಳ ಬೀಳಲಿ.

ಆ ಸಂಭ್ರಮದಲ್ಲಿ ಅವಳು ಡ್ರೈವನ್ನು ಹಾಗೇ ಎಳೆದುಬಿಟ್ಟಳು. ಎಳೆಯುವ ಮೊದಲು ಕಂಪ್ಯೂಟರಿಗೆ ಹೇಳಿ ಬಿಡಿಸಬೇಕು ಎಂದು ಗಿರಾಕಿಗಳಿಗೆ ದಿನಾ ಪಾಠ ಮಾಡುತ್ತಿದ್ದವಳು! ನಾಲಿಗೆ ಕಚ್ಚಿಕೊಂಡು, ಮತ್ತೆ ಹಾಕಿ, ತೆರೆದು, ಆರಂಭ ಮಾತ್ರ ಓಡಿಸಿ ನೋಡಿ, ಸರಿಯಾಗಿದೆ ಎಂದು ಮೇಲೆ ಹೋದಳು.

ಮಾರನೆಯ ದಿನ ಅವಳು ಕೆಳಗೆ ಇಳಿಯಲಿಲ್ಲ. ಮೈ ಹುಷಾರಿಲ್ಲ ಎಂದು ಮಲಗಿದ್ದಳು. ಸಂಜೆಯ ಹೊತ್ತಿಗೆ ಅಕ್ಕನೇ ಪೊಟ್ಟಣ ಹಿಡಿದು ಕೊರಿಯರ್ ಆಫೀಸಿಗೆ ಹೋದಳು. ನನ್ನ ಅಂಗಡಿಯ ಮುಂದೆ ನಿಂತು, "ಇವತ್ತೇ ಕೊನೇ ದಿನ ಆಂಟಿ, ಇವಳನ್ನ ನಂಬಿ ಕೂತ್ರೆ ಮುಗೀತು" ಎಂದು ನಕ್ಕಳು. ಪೊಟ್ಟಣ ತಲುಪಿತು ಎಂದು ಸಂಸ್ಥೆಯಿಂದ ಸಂದೇಶ ಬಂದ ದಿನ ಅಕ್ಕ ಇಡೀ ಕಟ್ಟಡಕ್ಕೆ ಸಿಹಿ ಹಂಚಿದಳು.

ಒಳಕೋಣೆಯಲ್ಲಿ ಫೋನ್ ಸಿಗ್ನಲ್ ಸಿಗುವುದಿಲ್ಲ, ಮಾತಾಡಲು ಅವಳು ಮೆಟ್ಟಿಲಿಗೇ ಬರಬೇಕು. ಕೆಲವು ವಾರಗಳ ನಂತರ ಸಂಸ್ಥೆಯಿಂದ ಕರೆ ಬಂದಾಗಲೂ ಬಂದಳು. "ಹೌದು, ನಾನೇ" ಎಂದಳು. ಆಮೇಲೆ ಬಹಳ ಹೊತ್ತು ಬರೀ ಕೇಳಿಸಿಕೊಂಡಳು. "ಇಲ್ಲ, ಹೆಸರಿದೆ, ಕೊನೇಲಿದೆ... ಇನ್ನೊಂದು ಸಲ ಕಳಿಸ್ಲಾ?... ಸರಿ." ಅಷ್ಟೇ. ಚಿತ್ರ ಕೊನೆ ಮುಟ್ಟದೇ ಮುಗಿಯುತ್ತದೆ, ಹೆಸರುಗಳಿಲ್ಲ, ನಿಯಮದ ಪ್ರಕಾರ ಪರಿಗಣಿಸಲು ಆಗುವುದಿಲ್ಲ ಎಂದರಂತೆ. ಬೇರೆಯವರಿಗೂ ಹೀಗೇ ಆಗಿದೆ, ಯಾರಿಗೂ ಎರಡನೇ ಅವಕಾಶ ಕೊಟ್ಟಿಲ್ಲ ಎಂದರಂತೆ. ಅವಳು ಮೆಟ್ಟಿಲ ಮೇಲೇ ಕುಸಿದು ಕೂತಳು.

"ನಾನೇ ಕೆಡಿಸ್ದೆ ಆಂಟಿ. ಎಳೆದ್ನಲ್ಲ ಅವತ್ತು. ಕೊನೇವರೆಗೂ ಓಡಿಸಿ ನೋಡ್ಬೇಕಿತ್ತು" ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ಅಕ್ಕ ಓಡಿಬಂದು ಪಕ್ಕದಲ್ಲಿ ಕೂತು ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. "ಹೋಗ್ಲಿ ಬಿಡೇ. ಆ ಎಕ್ಸ್‌ಫ್ಯಾಟ್ ನಂಬೋ ಹಾಗಿಲ್ಲ ಅಂತ ನೀನೇ ಹೇಳ್ತಿದ್ದೆ ಅಲ್ವಾ? ನಿನ್ನ ಕೈಯಲ್ಲೇನಿದೆ? ನಾನಿದ್ದೀನಿ" ಎಂದು ಬೆನ್ನು ಸವರಿದಳು. ಆ ಕೈ ನೋಡಿ, ಇಂಥ ಅಕ್ಕ ಇದ್ದರೆ ಎಂಥ ಪೆಟ್ಟನ್ನಾದರೂ ತಡೆದುಕೊಳ್ಳಬಹುದು ಎಂದುಕೊಂಡೆ. ಈಗ ನೆನೆದರೆ ಮೈ ಉರಿಯುತ್ತದೆ.

ನನಗೆ ಅನುಮಾನ ಬಂದದ್ದು ಭಾವನ ಮೇಲೆ. ಅವಳು ಹೋದರೆ ಅವನ ಅಂಗಡಿ ನೆಲಕಚ್ಚುತ್ತದೆ ಎನ್ನುವುದು ಬೀದಿಗೆಲ್ಲ ಗೊತ್ತಿದ್ದ ಮಾತು. ಒಂದು ದಿನ ಅವನು ಟ್ರೈಪಾಡ್ ಹೊತ್ತು ಇಳಿಯುತ್ತಿದ್ದಾಗ ಅಡ್ಡಗಟ್ಟಿ, ಆ ಡ್ರೈವಿಗೆ ಏನು ಮಾಡಿದೆ ಎಂದು ಕೇಳಿಯೇಬಿಟ್ಟೆ. ಅವನು ಕಣ್ಣು ಕಣ್ಣು ಬಿಟ್ಟ. "ಆಂಟಿ, ನಂಗೆ ಅದನ್ನ ಯಾವ ಕಡೆಯಿಂದ ಚುಚ್ಚಬೇಕು ಅಂತಾನೂ ಸರಿಯಾಗಿ ಗೊತ್ತಿಲ್ಲ. ಎರಡು ಸಲ ತಿರುಗಿಸಿ ಹಾಕ್ತೀನಿ" ಎಂದ. ಅವನ ಸೋಮಾರಿತನ ನಾನು ಬಲ್ಲೆ. ಆ ಮಾತು ಸುಳ್ಳಾಗಿರಲು ಸಾಧ್ಯವಿರಲಿಲ್ಲ. ಆದರೂ ನಾಲ್ಕು ದಿನ ಅವನನ್ನು ಪಾಪಿಯ ಹಾಗೇ ನೋಡಿದೆ.

ಕತ್ತರಿ ಮತ್ತೆ ಒಳಕೋಣೆ ಸೇರಿದಳು. ಮದುವೆಗಳು ಬಂದವು, ಹೋದವು. ಮೊದಲಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದ್ದಳು, ಆದರೆ ಗಿರಾಕಿಗೆ ಡ್ರೈವ್ ಕೊಡುವ ಮೊದಲು ಮೊದಲಿಂದ ಕೊನೆಯವರೆಗೂ ಓಡಿಸಿ ನೋಡುತ್ತಿದ್ದಳು. ಗಂಟೆಗಟ್ಟಲೆ ಯಾರದೋ ಮದುವೆ. ಭಾವ ರೇಗುತ್ತಿದ್ದ, ಅಕ್ಕ, "ಬಿಡಿ, ಪಾಪ" ಎನ್ನುತ್ತಿದ್ದಳು.

ವರ್ಷ ತಿರುಗುವ ಹೊತ್ತಿಗೆ ಆ ಸಂಸ್ಥೆಯವರು ಎಲ್ಲರ ಡ್ರೈವ್‌ಗಳನ್ನು ವಾಪಸು ಕಳಿಸಿದರು. ನಮ್ಮ ಅಂಚೆಯವನಿಗೆ ಮೆಟ್ಟಿಲು ಹತ್ತುವುದೆಂದರೆ ಆಗದು, ಕಟ್ಟಡದ್ದೆಲ್ಲ ನನ್ನ ಮೇಜಿನ ಮೇಲೆ ಎಸೆದು ಹೋಗುತ್ತಾನೆ. ನಾನು ಅವಳನ್ನು ಕೂಗಿ ಕರೆದೆ. ಪೊಟ್ಟಣ ಕಂಡು ಅವಳು ಒಡೆಯಲೋ ಬೇಡವೋ ಎಂದು ನಿಂತಳು. ಮೂಗು ತೂರಿಸುವುದು ನನ್ನ ಹುಟ್ಟುಗುಣ, ನಾನೇ ಒಡೆದೆ.

ನನ್ನ ಕಂಪ್ಯೂಟರಿಗೆ ಹಾಕಿದಳು. ಎಷ್ಟು ಕೆಟ್ಟಿದೆ ನೋಡೋಣ ಎಂದು ಡ್ರೈವಿನ ವಿವರ ತೆರೆದಳು. ತೆರೆದವಳು ಹಾಗೇ ನಿಂತಳು.

"ಏನೇ?" ಎಂದೆ.

"ಫ್ಯಾಟ್ ಥರ್ಟಿಟೂ ಅಂತಿದೆ."

"ಏನಾಯ್ತೀಗ?"

"ನಾನು ಎಕ್ಸ್‌ಫ್ಯಾಟ್ ಮಾಡಿದ್ದೆ ಆಂಟಿ. ನಿಮ್ಮೆದುರಿಗೇ ಓಡಿಸಿದ್ನಲ್ಲ. ಫಾರ್ಮ್ಯಾಟ್ ತಾನಾಗೇ ಬದಲಾಗಲ್ಲ. ಯಾರೋ ಕೂತು ಬದಲಾಯಿಸ್ಬೇಕು."

ಒಳಗಿದ್ದ ಫೈಲು ನಾಲ್ಕು ಜಿಬಿಯ ಒಳಗೇ ಇತ್ತು. ಓಡಿಸಿದಳು. ಕೊನೆಯ ಭಾಗಕ್ಕೆ ಬಂದೆವು. ವಯಸ್ಸಾದ ಹೆಂಗಸು ಕ್ಯಾಮೆರಾದ ಕಡೆ ತಿರುಗಿದಳು, ಇನ್ನೂ ಬಾಯಿ ತೆರೆದಿರಲಿಲ್ಲ, ಒಮ್ಮೆ ಕಣ್ಣು ಮಿಟುಕಿಸಿದಳು. ಪರದೆ ಮೆಲ್ಲಗೆ ಕಪ್ಪಾಯಿತು. ಮುಗಿಯಿತು. ಮಾತಿಲ್ಲ, ಬಟ್ಟೆ ಮಡಿಸುವುದಿಲ್ಲ, ಹೆಸರಿಲ್ಲ.

"ಕೆಟ್ಟ ಫೈಲು ಹೀಗೆ ಮುಗಿಯಲ್ಲ" ಎಂದಳು ಅವಳು. ದನಿ ತಣ್ಣಗಿತ್ತು. "ನಿಂತ್ಬಿಡುತ್ತೆ, ಇಲ್ಲಾ ಚೌಕ ಚೌಕ ಒಡೆಯುತ್ತೆ. ಇದನ್ನ ಕತ್ತರಿಸಿದ್ದಾರೆ."

"ನಾನು ಅವತ್ತೇ ಹೇಳ್ಲಿಲ್ವಾ, ಆ ನಿನ್ನ ಭಾವ—"

"ಭಾವನಿಗೆ ಇಲ್ಲಿ ಕತ್ತರಿಸೋಕೆ ಬರಲ್ಲ ಆಂಟಿ" ಎಂದಳು.

ಅವಳು ಅದನ್ನು ಹಿಂದಕ್ಕೆ ತಂದು ಮತ್ತೆ ಓಡಿಸಿದಳು. ಆ ಮುದುಕಿ ಮತ್ತೆ ಕಣ್ಣು ಮಿಟುಕಿಸಿದಳು, ಮತ್ತೆ ಕಪ್ಪಾಯಿತು. ನನಗೆ ಆಗ ಅರ್ಥವಾಯಿತು, ಅರ್ಥವಾದದ್ದನ್ನು ಒಪ್ಪಲು ಮನಸ್ಸಾಗಲಿಲ್ಲ. ಯಾವತ್ತೂ ಸುಮ್ಮನಿರದ ನನ್ನ ಬಾಯಿ ಅವತ್ತು ಕಟ್ಟಿಹೋಯಿತು. ಅವಳು ಡ್ರೈವನ್ನು ಸರಿಯಾಗಿ ಬಿಡಿಸಿ ಮುಷ್ಟಿಯಲ್ಲಿ ಹಿಡಿದು ಮೇಲೆ ಹತ್ತಿದಳು. ಕರೆಯದಿದ್ದರೂ ನಾನು ಹಿಂದೆಯೇ ಹೋದೆ.

ಮಧ್ಯಾಹ್ನ. ಭಾವ ಎಲ್ಲೋ ಶೂಟಿಂಗಿಗೆ ಹೋಗಿದ್ದ. ಅಕ್ಕ ಮುಂದಿನ ಮೇಜಿನಲ್ಲಿ ಆಲ್ಬಮ್ಮಿನ ಹಾಳೆಗಳ ನಡುವೆ ತೆಳು ಕಾಗದ ಇಡುತ್ತಾ ಕೂತಿದ್ದಳು. ತಂಗಿ ಡ್ರೈವನ್ನು ಅವಳ ಮುಂದಿಟ್ಟಳು.

"ಅಕ್ಕಾ, ಇದನ್ನ ನೀನು ಫಾರ್ಮ್ಯಾಟ್ ಮಾಡಿದ್ಯಾ?"

ಅಕ್ಕ ಡ್ರೈವ್ ನೋಡಿದಳು, ನನ್ನನ್ನು ನೋಡಿದಳು. "ಆಂಟಿ ಯಾಕೆ ಬಂದಿದ್ದಾರೆ?"

"ಅವರಿರ್ಲಿ. ನೀನು ಹೇಳು."

"ಅವತ್ತು ಕಳಿಸೋ ಮುಂಚೆ ಒಂದ್ಸಲ ನೋಡೋಣಾಂತ ಹಾಕ್ದೆ ಕಣೇ. ಓಪನ್ ಆಗ್ಲಿಲ್ಲ. ಕೈ ಅಭ್ಯಾಸ ನೋಡು, ಫಾರ್ಮ್ಯಾಟ್ ಕೊಟ್ಬಿಟ್ಟೆ. ಆಮೇಲೆ ನಿನ್ನ ಕಂಪ್ಯೂಟರಿಂದ ಕಾಪಿ ಮಾಡೋಕೆ ಹೋದ್ರೆ ಹಿಡಿಯಲ್ಲ ಅಂತು. ಕೊನೇ ದಿನ, ಕೊರಿಯರ್‌ನವನು ಬಾಗಿಲು ಹಾಕೋ ಹೊತ್ತು. ಗಾಬರೀಲಿ ಕೊನೇದನ್ನ ಸ್ವಲ್ಪ ಕತ್ತರಿಸ್ದೆ. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ನಿಜ ಹೇಳುತ್ತೇನೆ, ನನಗೆ ಹೋದ ಜೀವ ಬಂದ ಹಾಗಾಯಿತು. ಹಾಗೇ ಆಗಿರಲಿ ದೇವರೇ, ಬರೀ ಗಾಬರಿಯಾಗಿರಲಿ ಎಂದುಕೊಂಡೆ. ಒಪ್ಪಿಕೋ, ಒಪ್ಪಿಕೊಂಡುಬಿಡು ಎಂದು ಕತ್ತರಿಯ ಬೆನ್ನಿಗೆ ಮನಸ್ಸಿನಲ್ಲೇ ಹೇಳಿದೆ.

ಅವಳು ಒಪ್ಪಲಿಲ್ಲ. "ಹಿಡೀಲಿಲ್ಲ ಅಂದ್ರೆ ಮತ್ತೆ ಎಕ್ಸ್‌ಫ್ಯಾಟ್ ಕೊಟ್ಟಿದ್ರೆ ಆಗ್ತಿತ್ತು. ಅದೇ ಜಾಗದಲ್ಲಿದೆ, ಬೆರಳು ಒಂಚೂರು ಸರಿಸೋಷ್ಟು ಕೆಲ್ಸ. ಕತ್ತರಿಸಿ, ಕಪ್ಪು ಮಾಡಿ, ಹೊಸ ಫೈಲ್ ತೆಗೆಯೋಷ್ಟು ಹೊತ್ತು ಇತ್ತು, ಇದಕ್ಕೆ ಇರ್ಲಿಲ್ವಾ? ನನ್ನ ಎಬ್ಬಿಸಬಹುದಿತ್ತು. ಹೋಗ್ಲಿ, ಫೋನ್ ಬಂದ ದಿನ ಹೇಳಬಹುದಿತ್ತು. ನಾನು ಎಳೆದದ್ದೇ ತಪ್ಪು ಅಂತ ಅಳ್ತಿದ್ದಾಗ ನನ್ನ ಪಕ್ಕದಲ್ಲೇ ಕೂತಿದ್ದೆ ಅಲ್ವಾ ನೀನು?"

ಅಕ್ಕ ಆಲ್ಬಮ್ಮಿನ ಹಾಳೆ ಮುಚ್ಚಿದಳು. ಈಗ ಅವಳ ದನಿಯಲ್ಲಿ ನಾಟಕ ಇರಲಿಲ್ಲ.

"ನೀನು ಹೋದ್ರೆ ಅಂಗಡಿ ನಡೆಯಲ್ಲ. ಅಂಗಡಿ ಹಾಳಾಗಿ ಹೋಗ್ಲಿ. ಇವರು ಮನೇಲಿ ಕೂತ್ಕೋತಾರೆ. ಆ ಎರಡು ಕೋಣೇಲಿ ಇವರು, ನಾನು. ನೀನು ಮಧ್ಯೆ ಇದ್ದೆ ಅಂತ ಇಷ್ಟು ವರ್ಷ ಹೇಗೋ ತಳ್ಳಿದೆ. ನಿನ್ನ ಕಳಿಸಿ ನಾನು ಯಾರ ಮುಖ ನೋಡ್ಲಿ?"

"ಹೀಗಂತ ಹೇಳಿದ್ರೆ ನಾನು ಹೋಗ್ತಿರ್ಲಿಲ್ಲ."

"ಗೊತ್ತು. ಅದಕ್ಕೇ ಹೇಳ್ಲಿಲ್ಲ. ಹೇಳಿ ನಿಲ್ಲಿಸಿದ್ರೆ ನನ್ನ ಮುಖ ನೋಡ್ದಾಗೆಲ್ಲ ನಿಂಗೆ ಅದೇ ನೆನಪಾಗ್ತಿತ್ತು. ಡ್ರೈವ್ ಕೆಟ್ಟೋಯ್ತು ಅಂದ್ರೆ ಯಾರ ಮೇಲೂ ಕೋಪ ಇರಲ್ಲ ಅಂದ್ಕೊಂಡೆ."

"ನನ್ನ ಮೇಲೇ ಇತ್ತಲ್ಲ ಅಕ್ಕಾ, ಒಂದು ವರ್ಷ."

ಅಕ್ಕ ಮೇಜಿನ ಮೇಲಿದ್ದ ತೆಳು ಕಾಗದಗಳನ್ನು ಒಟ್ಟುಮಾಡತೊಡಗಿದಳು.

"ಫಾರ್ಮ್ಯಾಟ್ ಕೊಟ್ಟಾಗ ಅದು ಕೇಳುತ್ತಲ್ಲ," ಎಂದಳು ತಂಗಿ, "ಎಲ್ಲಾ ಅಳಿಸಿಹೋಗುತ್ತೆ, ಮುಂದುವರೀಲಾ ಅಂತ. ಓದಿದ್ಯಾ?"

"ಓದ್ದೆ."

"ನಾನೆಲ್ಲಿದ್ದೆ ಆಗ?"

"ಒಳಗೆ ಮಲಗಿದ್ದೆ. ಜ್ವರದಲ್ಲಿ ಮೈ ಕೆಂಡ ಆಗಿತ್ತು. ನನ್ನ ಕೈ ಹಿಡ್ಕೊಂಡು ಬಿಡ್ತಾನೇ ಇರ್ಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕಿ, ನಿದ್ದೆ ಬಂತಾ ನೋಡಿ, ಮೆಲ್ಲಗೆ ಕೈ ಬಿಡಿಸ್ಕೊಂಡು ಬಂದು ಇಲ್ಲಿ ಕೂತೆ."

ಕತ್ತರಿ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗಾದರೂ ಸಮಾಧಾನವಾಗುತ್ತಿತ್ತು. ಒಳಗೆ ಹೋಗಿ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಬಂದಳು. ಅಕ್ಕ ಎದ್ದು ಅವಳ ಭುಜಕ್ಕೆ ಕೈ ಹಾಕಲು ಹೋದಾಗ ಹಿಂದಕ್ಕೆ ಸರಿದಳು, ಬಿಸಿ ಪಾತ್ರೆ ತಾಗಿದವರ ಹಾಗೆ. ನಾನೇ ಚೀಲ ತೆಗೆದುಕೊಂಡೆ.

ಈಗ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ಬೇರೆ ಬೇರೆ ಸ್ಟುಡಿಯೋಗಳ ಕೆಲಸ ತಂದು ಮಾಡುತ್ತಾಳೆ, ಕೊನೆಗೆ ತನ್ನ ಹೆಸರು ಹಾಕದೆ ಕೊಡುವುದಿಲ್ಲ. ಆ ಸಂಸ್ಥೆಯ ವಯಸ್ಸು ದಾಟಿಹೋಯಿತು, ಆ ಮಾತನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಭಾವನ ಸ್ಟುಡಿಯೋ ಕುಂಟುತ್ತಾ ನಡೆಯುತ್ತಿದೆ. ಅಕ್ಕ ಆಗಾಗ ಬರುತ್ತಾಳೆ. ತಂಗಿ ಕುರ್ಚಿ ಕೊಡುತ್ತಾಳೆ, ಚಹಾ ಕೊಡುತ್ತಾಳೆ, ಭಾವ ಹೇಗಿದ್ದಾರೆ ಎಂದೂ ಕೇಳುತ್ತಾಳೆ. ಅಕ್ಕ ಅಳುತ್ತಾಳೆ, ಕ್ಷಮಿಸು ಎನ್ನುತ್ತಾಳೆ. ಇವಳು, ಅದೆಲ್ಲ ಮುಗೀತಲ್ಲ ಬಿಡು ಎನ್ನುತ್ತಾಳೆ. ಮುಗಿದಿದೆ ಎಂದು ನಾನೂ ನಂಬಿದ್ದೆ.

ಮೊನ್ನೆ ಅವಳು ಎರಡು ದಿನ ಕೆಳಗೆ ಇಳಿಯಲಿಲ್ಲ. ಮಾತ್ರೆ, ಬಿಸಿನೀರು ಹಿಡಿದು ಹತ್ತಿ ಬಾಗಿಲು ತಟ್ಟಿದೆ. ಜ್ವರದಲ್ಲಿ ನರಳುವ ಸದ್ದು ಹೊರಗೇ ಕೇಳಿಸುತ್ತಿತ್ತು. "ಬಾಗಿಲು ತೆಗಿಯೇ, ನಾನು" ಎಂದೆ. ಸ್ವಲ್ಪ ಹೊತ್ತಿನ ಮೇಲೆ, "ಹೊಸ್ತಿಲ ಹತ್ರ ಇಟ್ಟು ಹೋಗಿ ಆಂಟಿ" ಎಂದಳು. ಒಂಚೂರು ಹಣೆ ಮುಟ್ಟಿ ನೋಡಿ ಹೋಗ್ತೀನಿ ಕಣೇ ಎಂದೆ. ಹಾಸಿಗೆಯಿಂದ ಎದ್ದು ಬರುವ ಹೆಜ್ಜೆ ಕೇಳಿಸಿತು, ತೆಗೆಯುತ್ತಾಳೆ ಎಂದುಕೊಂಡೆ. ಕೆಳಗಿನ ಚಿಲಕ ಮೊದಲೇ ಹಾಕಿತ್ತು. ಅವಳು ಮೇಲಿನದನ್ನೂ ಹಾಕಿಕೊಂಡಳು.